ಜಾಲಿ ಮುಳ್ಳಿನ ಗೀರು: ಮೊದಲು ನೋಡಿ, ಆಮೇಲೆ ಉಜ್ಜಿ

ಊರಿಗೆ ಹೋಗಿ ಬಂದ ಕಾರನ್ನು ಸೋಮವಾರ ಬೆಳಿಗ್ಗೆ ಆಫೀಸಿನ ಪಾರ್ಕಿಂಗ್‌ನಲ್ಲಿ ಸುಲಭವಾಗಿ ಗುರುತು ಹಿಡಿಯಬಹುದು. ಟೈರಿನ ಸಂದಿಯಲ್ಲಿ ಕೆಮ್ಮಣ್ಣು, ಡಿಕ್ಕಿಯಲ್ಲಿ ಜೋಳದ ಚೀಲ, ಹಿಂದಿನ ಸೀಟಿನಲ್ಲಿ ಶೇಂಗಾ ಚಟ್ನಿಪುಡಿಯ ಡಬ್ಬಿ. ಜೊತೆಗೆ ಎಡಗಡೆ ಬಾಗಿಲುಗಳ ಮೇಲೆ, ಯಾರೋ ಬಾಚಣಿಗೆ ಎಳೆದ ಹಾಗೆ, ಈ ತುದಿಯಿಂದ ಆ ತುದಿಯವರೆಗೆ ನಾಲ್ಕಾರು ಬಿಳಿ ಗೆರೆ. ಮೊದಲ ಮೂರು ಖುಷಿ ಕೊಡುತ್ತವೆ. ನಾಲ್ಕನೆಯದು ನಿದ್ದೆ ಕೆಡಿಸುತ್ತೆ, ಅದರಲ್ಲೂ ಕಾರಿಗೆ ಇನ್ನೂ 48 ಕಂತು ಬಾಕಿ ಇದ್ದರೆ!

ನಮ್ಮ ಕಡೆ, ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಸುತ್ತ, ಶಾಸನಗಳಲ್ಲಿ ‘ಕೋಗಳಿ-500’ ಅಂತ ಹೆಸರು ಬರುವ ನಾಡಿನಲ್ಲಿ, ಈ ಗೆರೆ ಎಳೆಯುವವರು ಯಾರು ಅಂತ ಕೇಳುವುದೇ ಬೇಡ. ಬಳ್ಳಾರಿ ಜಾಲಿ. ಹೆಸರಲ್ಲಿ ಬಳ್ಳಾರಿ ಇದ್ದರೂ ಇದು ಅಮೆರಿಕ ಖಂಡದ ಗಿಡ. 19ನೇ ಶತಮಾನದಲ್ಲಿ ಭಾರತಕ್ಕೆ ಬಂತು. ಸೌದೆಗೆ, ಬರಡು ನೆಲದ ಹಸಿರಿಗೆ ಅಂತ ಬೆಳೆಸಿದ್ದು, ಈಗ ಕೆರೆ ಅಂಗಳ, ಹಳ್ಳ, ರಸ್ತೆ ಬದಿ ಎಲ್ಲಾ ತನ್ನದೇ ಅಂತ ಕೂತಿದೆ. ಒಂದೇ ಗಾಡಿ ಹಿಡಿಸುವ ಹಳ್ಳಿ ರಸ್ತೆ, ಎದುರಿಗೆ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರ್ ಬಂತು ಅಂದ್ರೆ ನಾವು ಪಕ್ಕಕ್ಕೆ ಇಳಿಯಲೇಬೇಕು. ಇಳಿದರೆ ಜಾಲಿ ಸವರದೆ ಬಿಡಲ್ಲ.

ಈ ವಾರ ಹೇಳಬೇಕಾಗಿರೋದು ಇಷ್ಟೇ. ಕಾರಿನ ಮೇಲೆ ಬೀಳುವ ಗೀರುಗಳಲ್ಲಿ ಬಹಳಷ್ಟನ್ನು ಮನೆ ಮುಂದೆಯೇ, ಒಂದು ಭಾನುವಾರದ ಬೆಳಿಗ್ಗೆ, ಕೈಯಿಂದಲೇ ಸರಿ ಮಾಡಬಹುದು. ಆದರೆ ಉಜ್ಜುವುದಕ್ಕೆ ಮೊದಲು ಗೀರು ಎಷ್ಟು ಆಳ ಅಂತ ತಿಳಿಯಬೇಕು. ಅದನ್ನು ತಿಳಿಯದೆ ಉಜ್ಜಿದರೆ ಗೀರಿಗಿಂತ ಉಜ್ಜಿದ್ದೇ ಹೆಚ್ಚು ಹಾನಿ.

ಒಂದು ಹಾಳೆಯಷ್ಟು ದಪ್ಪ

ಈಗಿನ ಕಾರಿನ ಮೈಮೇಲೆ ಸಾಮಾನ್ಯವಾಗಿ ನಾಲ್ಕು ಪದರ ಇರುತ್ತೆ. ಕಬ್ಬಿಣದ ತಗಡಿಗೆ ತಾಗಿಕೊಂಡು ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ, ಗಾಜಿನಂತೆ ಹೊಳೆಯುವ ಕ್ಲಿಯರ್ ಕೋಟ್. ನಾಲ್ಕೂ ಸೇರಿ ಹೆಚ್ಚುಕಮ್ಮಿ 100ರಿಂದ 150 ಮೈಕ್ರಾನ್. ಪ್ರಿಂಟರಿಗೆ ಹಾಕುವ ಒಂದು ಹಾಳೆ ಸುಮಾರು 100 ಮೈಕ್ರಾನ್ ಇರುತ್ತೆ, ಅಷ್ಟೇ. ಇದರಲ್ಲಿ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್, ಅಂದರೆ ತಲೆಗೂದಲಿಗಿಂತಲೂ ತೆಳು.

ಬಿಸಿಲು, ಮಳೆ, ಹಕ್ಕಿ ಹಿಕ್ಕೆ, ಮುಳ್ಳು ಎಲ್ಲವನ್ನೂ ಮೊದಲು ತಡೆದುಕೊಳ್ಳೋದು ಈ ತೆಳು ಪದರವೇ. ‘ಪಾಲಿಶ್ ಮಾಡಿದ್ರೆ ಗೀರು ಹೋಗುತ್ತೆ’ ಅಂತೀವಲ್ಲ, ಅಲ್ಲಿ ಗೀರು ತುಂಬಿಕೊಳ್ಳುವುದಿಲ್ಲ. ಗೀರಿನ ಅಕ್ಕಪಕ್ಕದ ಕ್ಲಿಯರ್ ಕೋಟನ್ನು ಸವೆಸಿ, ಗೀರಿನ ತಳದ ಮಟ್ಟಕ್ಕೆ ಇಳಿಸುತ್ತೀವಿ. ಹಾಗೆ ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಅತಿಯಾಗಿ ಉಜ್ಜಿಸಿಕೊಂಡ ಬಾನೆಟ್ಟು, ಟಾಪು ಎರಡು ಮೂರು ಬೇಸಿಗೆ ಕಳೆಯುವಷ್ಟರಲ್ಲಿ ಮಂಕಾಗಿ, ಬಿಸಿಲಿಗೆ ಸುಟ್ಟ ಚರ್ಮದ ಹಾಗೆ ಸಿಪ್ಪೆ ಏಳುವುದುಂಟು.

ಹಗರಿಬೊಮ್ಮನಹಳ್ಳಿಯಲ್ಲಿ ನನಗೆ ಪರಿಚಯದ ಒಬ್ಬ ಪೇಂಟರ್ ಚಾಚಾ ಇದ್ದಾರೆ. ಟಿಂಕರಿಂಗ್, ಪೇಂಟಿಂಗ್ ಎರಡೂ ಗೊತ್ತು. ಸ್ಪ್ರೇ ಬಣ್ಣಕ್ಕೆ ಇವತ್ತಿಗೂ ‘ಡೂಕೋ’ ಅಂತಲೇ ಅನ್ನುತ್ತಾರೆ. ಅದು 1920ರ ದಶಕದಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ತಂದ, ಬೇಗ ಒಣಗುವ ಕಾರ್ ಬಣ್ಣದ ಹೆಸರು. ಆ ಬಣ್ಣ ಹೋದರೂ ಹೆಸರು ನಮ್ಮ ಗ್ಯಾರೇಜುಗಳಲ್ಲಿ ಉಳಿದುಕೊಂಡಿದೆ. ಚಾಚಾ ಹೇಳುವ ಮಾತು: “ನೋಡವ್ವ, ಅಂಬಾಸಡರ್ ಕಾಲದಾಗ ಬಣ್ಣ ದಪ್ಪ ಇರ್ತಿತ್ತು, ಕ್ಲಿಯರ್ ಕೋಟ್ ಇರ್ಲಿಲ್ಲ. ವರ್ಷಕ್ಕೊಮ್ಮೆ ರಬ್ಬಿಂಗ್ ಮಾಡಿದ್ರೂ ನಡೀತಿತ್ತು. ಈಗಿನ ಗಾಡಿಗೆ ಹಂಗ ಮಾಡಿದ್ರೆ ಮುಗೀತು.” ನಮ್ಮ ಅಪ್ಪ, ಮಾವಂದಿರು ‘ವರ್ಷಕ್ಕೊಂದ್ಸಲ ರಬ್ಬಿಂಗ್ ಪಾಲಿಶ್ ಹೊಡೆಸು’ ಅಂತ ಹೇಳುವ ಬುದ್ಧಿಮಾತು ಆ ಕಾಲದ್ದು. ಪ್ರೀತಿಯಿಂದ ಕೇಳಿಸಿಕೊಂಡು ಸುಮ್ಮನಾಗಿ.

ಮೊದಲು ನೀರು

ಗೀರು ಕಂಡ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ: ಕರ್ಚೀಫ್ ತೆಗೆದು ಉಜ್ಜಿ ನೋಡೋದು. ದಯವಿಟ್ಟು ಬೇಡ. ನಮ್ಮ ಕಡೆಯ ದೂಳಿನಲ್ಲಿ ಮರಳಿನ ಕಣ ಇರುತ್ತೆ, ಹೊಸಪೇಟೆ ಹೆದ್ದಾರಿಯಲ್ಲಿ ಅದಿರು ಲಾರಿಗಳ ಹಿಂದೆ ಬಂದಿದ್ದರೆ ಅದಿರಿನ ಪುಡಿಯೂ ಇರುತ್ತೆ. ಇವೆರಡೂ ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ. ಒಣ ಬಟ್ಟೆ ಮತ್ತು ದೂಳು ಸೇರಿದರೆ ಅದು ಉಜ್ಜು ಕಾಗದ ಆಗಿಬಿಡುತ್ತೆ. ಒಂದು ಗೀರು ನೋಡಲು ಹೋಗಿ ನೂರು ಸಣ್ಣ ಗೀರು ಮಾಡಿಕೊಂಡ ಹಾಗೆ.

ಮೊದಲು ಪೈಪಿನಿಂದಲೋ ಚೊಂಬಿನಿಂದಲೋ ಮೇಲಿನಿಂದ ಕೆಳಕ್ಕೆ ನೀರು ಸುರಿದು ದೂಳನ್ನು ಇಳಿಸಿ. ಆಮೇಲೆ ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಪ್ರತಿ ಸಲವೂ ಬರೀ ನೀರಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆ ಶಾಂಪೂಗೆ ಅದ್ದಿ. ಬಟ್ಟೆ ಮೈಕ್ರೋಫೈಬರ್ ಆಗಿರಲಿ, ಹಳೆ ಬನಿಯನ್ ಬೇಡ. ಪಾತ್ರೆ ತೊಳೆಯುವ ಸೋಪು ಜಿಡ್ಡಿನ ಜೊತೆ ಕಾರಿನ ವ್ಯಾಕ್ಸನ್ನೂ ತೆಗೆದುಬಿಡುತ್ತೆ, ಅದಕ್ಕೇ ಅದೂ ಬೇಡ.

ಇನ್ನೊಂದು ಮಾತು. ಬೋರ್‌ವೆಲ್ಲಿನ ಗಡಸು ನೀರನ್ನು ಬಿಸಿಲಲ್ಲಿ ತಾನಾಗೇ ಒಣಗಲು ಬಿಟ್ಟರೆ ಬಿಳಿ ಚುಕ್ಕೆ ಕೂರುತ್ತೆ. ನೆರಳಲ್ಲಿ ತೊಳೆದು, ತಕ್ಷಣ ಒಣ ಮೈಕ್ರೋಫೈಬರಿನಿಂದ ಒತ್ತಿ ಒರೆಸಿ. ಆಗಲೇ ಕೂತಿರುವ ಹೊಸ ಚುಕ್ಕೆಗೆ ಸಮ ನೀರು ಬೆರೆಸಿದ ಬಿಳಿ ವಿನಿಗರ್ ಹಚ್ಚಿ, ಒರೆಸಿ, ಮತ್ತೆ ನೀರು ಹಾಕಿ ತೊಳೆದರೆ ಸಾಮಾನ್ಯವಾಗಿ ಹೋಗುತ್ತೆ.

ಎಷ್ಟೋ ಸಲ ಕಥೆ ಇಲ್ಲಿಗೇ ಮುಗಿಯುತ್ತೆ. ಗೀರು ಅಂದುಕೊಂಡಿದ್ದರಲ್ಲಿ ಅರ್ಧ ಬರೀ ಕೊಳೆ ಆಗಿರುತ್ತೆ.

ಮೂರು ಪರೀಕ್ಷೆ

ಕಾರು ಒಣಗಿದ ಮೇಲೆ ಗೀರಿನ ಹತ್ತಿರ ಕೂತು ಮೂರು ಪರೀಕ್ಷೆ ಮಾಡಿ.

ಒಂದು, ನೀರು. ಬೆರಳಿನಿಂದ ಗೀರಿನ ಮೇಲೆ ನೀರು ಸವರಿ. ಒದ್ದೆ ಇದ್ದಷ್ಟು ಹೊತ್ತು ಗೀರು ಮಾಯವಾದರೆ ಒಳ್ಳೆ ಸುದ್ದಿ, ಅದು ಕ್ಲಿಯರ್ ಕೋಟಿನಲ್ಲೇ ಇದೆ. ಒಣಗಿದಾಗ ಬಿಳಿ ಕಾಣುವುದು ಗೀರಿನ ಅಂಚುಗಳಿಗೆ ಬೆಳಕು ಬಿದ್ದು ಚದುರುವುದರಿಂದ. ಬಿಳಿ ಕಂಡಿತು ಅಂದ ಮಾತ್ರಕ್ಕೆ ಬಣ್ಣ ಹೋಗಿದೆ ಅಂತಲ್ಲ.

ಎರಡು, ಉಗುರು. ಗೀರಿಗೆ ಅಡ್ಡವಾಗಿ ಉಗುರನ್ನು ಹಗುರವಾಗಿ ಎಳೆಯಿರಿ. ತಡೆಯದೆ ಜಾರಿತೋ, ಕೈಯಿಂದಲೇ ಸರಿಹೋಗುತ್ತೆ. ಟಕ್ ಅಂತ ಸಿಕ್ಕಿಕೊಂಡಿತೋ, ಉಜ್ಜಿ ತೆಗೆಯುವಷ್ಟು ಮೇಲೆ ಇಲ್ಲ.

ಮೂರು, ಬಣ್ಣ. ಗೀರಿನ ತಳದಲ್ಲಿ ಕಾರಿನ ಬಣ್ಣವೇ ಇದ್ದರೆ ಸಮಾಧಾನ. ಬೂದು ಅಥವಾ ಬೇರೆ ಬಣ್ಣ ಕಂಡರೆ ಪ್ರೈಮರ್ ತನಕ ಹೋಗಿದೆ. ತಗಡಿನ ಹೊಳಪೋ ಕಂದು ತುಕ್ಕೋ ಕಂಡರೆ ತಡ ಮಾಡಬಾರದು.

ಯಾವುದರಿಂದ ಆದ ಗೀರು ಅನ್ನೋದೂ ಆಳದ ಸುಳಿವು ಕೊಡುತ್ತೆ. ಜಾಲಿ ಕೊಂಬೆಯ ಗೀರು ಉದ್ದ, ಸಣ್ಣ, ಜೊತೆಜೊತೆಯಾಗಿ ಹೋಗುತ್ತವೆ. ಹೆಚ್ಚಿನವು ಮೇಲ್ಪದರದವು. ಎತ್ತಿನ ಕೋಡು ತಾಗಿದ್ದು ಮೊಂಡಾಗಿರುತ್ತೆ, ಜೊತೆಗೆ ಸಣ್ಣ ತಗ್ಗು ಬಿದ್ದಿರುತ್ತೆ. ಪಕ್ಕದ ಬೈಕಿನ ಹ್ಯಾಂಡಲ್ ತುದಿಯದ್ದು ಗಿಡ್ಡ, ಆಳ. ಕೀ ಅಥವಾ ಮೊಳೆಯಿಂದ ಎಳೆದದ್ದು ಒಂಟಿ ಗೆರೆ, ಅಂಕುಡೊಂಕು, ತಗಡು ಮುಟ್ಟಿರುತ್ತೆ. ಗೇಟಿಗೋ ಕಂಬಕ್ಕೋ ಸವರಿದ್ದಾದರೆ ಅದರ ಬಣ್ಣವೇ ನಮ್ಮ ಕಾರಿಗೆ ಅಂಟಿಕೊಂಡು ಭಯಂಕರವಾಗಿ ಕಾಣುತ್ತೆ. ಆದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಸ್ವಲ್ಪ ನೀರು ಬೆರೆಸಿ ಬಟ್ಟೆಗೆ ಹಾಕಿ ಒರೆಸಿದರೆ, ಇಲ್ಲವೇ ಕ್ಲೇ ಬಾರ್ ಆಡಿಸಿದರೆ ಬಹುಪಾಲು ಬಿಟ್ಟುಹೋಗುತ್ತೆ. ಪೇಂಟ್ ಅಂಗಡಿಯ ತಿನ್ನರ್ ಮಾತ್ರ ಮುಟ್ಟಬೇಡಿ, ಅದು ನಿಮ್ಮ ಬಣ್ಣವನ್ನೂ ಮೆದು ಮಾಡುತ್ತೆ.

ಉಗುರು ಜಾರಿದರೆ

ಬೇಕಾಗಿರೋದು ಸ್ವಲ್ಪ: ಸಣ್ಣ ಡಬ್ಬಿ ಫೈನ್ ಕಾಂಪೌಂಡ್ ಅಥವಾ ‘ಸ್ಕ್ರ್ಯಾಚ್ ರಿಮೂವರ್’, ಒಂದು ಪಾಲಿಶ್, ಒಂದು ವ್ಯಾಕ್ಸ್, ಫೋಮ್ ಪ್ಯಾಡ್ ಎರಡು, ಮೈಕ್ರೋಫೈಬರ್ ಬಟ್ಟೆ ನಾಲ್ಕು, ಪೇಂಟರುಗಳ ಮಾಸ್ಕಿಂಗ್ ಟೇಪು ಒಂದು ಸುರುಳಿ. ದೊಡ್ಡ ಊರಿನ ಆಟೊಮೊಬೈಲ್ ಅಂಗಡಿಯಲ್ಲಿ ಎಲ್ಲಾ ಸಿಗುತ್ತೆ, ಫೋನಿನಲ್ಲೂ ತರಿಸಬಹುದು.

ಹೊತ್ತು ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಮುಟ್ಟುತ್ತೆ, ಬಿಸಿಲಿಗೆ ನಿಂತ ಬಾನೆಟ್ಟು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತೆ. ಅಂಥ ತಗಡಿನ ಮೇಲೆ ಕಾಂಪೌಂಡ್ ಹಾಕಿದರೆ ಅಲ್ಲೇ ಒಣಗಿ ಗಟ್ಟಿಯಾಗುತ್ತೆ. ಬೆಳಿಗ್ಗೆ ಏಳರೊಳಗೆ ಶುರು ಮಾಡಿ, ಅಂಗೈ ಇಟ್ಟರೆ ತಣ್ಣಗಿರಬೇಕು.

ಗೀರಿನ ಪಕ್ಕದ ಕಪ್ಪು ಪ್ಲಾಸ್ಟಿಕ್, ರಬ್ಬರ್, ಬಾಗಿಲಿನ ಅಂಚು, ಉಬ್ಬಿದ ಗೆರೆ, ಇವಕ್ಕೆಲ್ಲ ಟೇಪು ಅಂಟಿಸಿ. ಅಂಚಿನಲ್ಲಿ, ಉಬ್ಬುಗೆರೆಯಲ್ಲಿ ಬಣ್ಣ ತೆಳುವಾಗಿರುತ್ತೆ. ಕೈ ಜೋರಾದರೆ ಮೊದಲು ಸವೆಯುವುದು ಅಲ್ಲೇ. ಕಪ್ಪು ಪ್ಲಾಸ್ಟಿಕ್ಕಿಗೆ ಕಾಂಪೌಂಡ್ ತಾಗಿದರೆ ಬಿಳಿ ಕಲೆ ಉಳಿದು ಆಮೇಲೆ ಅದನ್ನು ತೆಗೆಯೋದೇ ಒಂದು ಕೆಲಸ.

ಪ್ಯಾಡಿನ ಮೇಲೆ ಬಟಾಣಿ ಕಾಳಿನಷ್ಟು ಕಾಂಪೌಂಡ್ ಸಾಕು. ಗೇಣಗಲದ ಜಾಗ ಮಾತ್ರ ತೆಗೆದುಕೊಳ್ಳಿ. ನೇರವಾಗಿ ಹಿಂದಕ್ಕೂ ಮುಂದಕ್ಕೂ, ಆಮೇಲೆ ಮೇಲಕ್ಕೂ ಕೆಳಕ್ಕೂ, ಸಮನಾದ ಒತ್ತಡದಲ್ಲಿ ಒಂದೆರಡು ನಿಮಿಷ ಉಜ್ಜಿ. ಬೆರಳ ತುದಿಯಿಂದ ಒತ್ತಬೇಡಿ, ನಾಲ್ಕೂ ಬೆರಳು ಚಪ್ಪಟೆಯಾಗಿರಲಿ. ಒರೆಸಿ, ಬೇರೆ ಬೇರೆ ಕೋನದಿಂದ ನೋಡಿ. ಬೇಕಿದ್ದರೆ ಇನ್ನೊಂದು ಸುತ್ತು. ಮೂರನೇ ಸುತ್ತಿನ ಮೇಲೂ ಉಳಿದ ಗೀರನ್ನು ಹಾಗೇ ಬಿಡಿ. ಮುಕ್ಕಾಲು ಭಾಗ ಹೋದ ಗೀರು ಎರಡು ಹೆಜ್ಜೆ ಹಿಂದಕ್ಕೆ ನಿಂತರೆ ಕಾಣಲ್ಲ. ಪೂರ್ತಿ ತೆಗೆಯುವ ಹಟ ಬೇಡ.

ಉಜ್ಜುವಾಗ ಬಟ್ಟೆಗೆ ಕಾರಿನ ಬಣ್ಣ ಹತ್ತಿತೋ, ಅಲ್ಲೇ ನಿಲ್ಲಿಸಿ. ಒಂದೋ ಕ್ಲಿಯರ್ ಕೋಟ್ ಮುಗಿದಿದೆ, ಇಲ್ಲಾ ಆ ಭಾಗಕ್ಕೆ ಕ್ಲಿಯರ್ ಕೋಟೇ ಇಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನು ವಿಶೇಷವಾಗಿ ಗಮನಿಸಬೇಕು. ಹಿಂದಿನ ಮಾಲೀಕರು ಯಾವ ಬಾಗಿಲಿಗೆ ಎಲ್ಲಿ ಬಣ್ಣ ಹೊಡೆಸಿದ್ದಾರೋ ನಮಗೇನು ಗೊತ್ತು?

ಕಾಂಪೌಂಡ್ ಆದ ಮೇಲೆ ಆ ಜಾಗ ಸ್ವಲ್ಪ ಮಂಕು ಕಾಣಬಹುದು. ಹೊಸ ಪ್ಯಾಡಿನಲ್ಲಿ ಪಾಲಿಶ್ ಹಾಕಿದರೆ ಹೊಳಪು ಬರುತ್ತೆ. ಕೊನೆಗೆ ವ್ಯಾಕ್ಸ್. ವ್ಯಾಕ್ಸ್ ಗೀರು ತೆಗೆಯೋದಿಲ್ಲ, ಈಗಷ್ಟೇ ಸವೆದ ಜಾಗದ ಮೇಲೊಂದು ತೆಳು ಹೊದಿಕೆ ಅಷ್ಟೇ. ಮೂರು ತಿಂಗಳಿಗೊಮ್ಮೆ ಹಾಕಿದರೆ ಚೆನ್ನ.

ಐನೂರರ ನೋಟು

ಈ ನೀರಿನ ಪರೀಕ್ಷೆಗೆ ಇನ್ನೊಂದು ಉಪಯೋಗ ಇದೆ ಅಂತ ನನಗೆ ಗೊತ್ತಾಗಿದ್ದು ಕೊಟ್ಟೂರ ತೇರಿನ ಸಮಯದಲ್ಲಿ. ದೂಳು ಹಿಡಿದ ಕಾರು ಮನೆ ಮುಂದೆ ನಿಂತಿದ್ದರೆ ಮಕ್ಕಳಿಗೆ ಅದು ಪಾಟಿಯೇ. ನಮ್ಮ ಓಣಿಯ ಏಳೆಂಟು ವರ್ಷದ ಹುಡುಗನೊಬ್ಬ ಹಿಂದಿನ ಬಾಗಿಲ ಮೇಲೆ ಬೆರಳಲ್ಲಿ ತೇರು ಬರೆದಿದ್ದ. ಐದು ಅಂಕಣ, ಮೇಲೆ ಕಳಸ, ಕೆಳಗೆ ದೊಡ್ಡ ದೊಡ್ಡ ಗಾಲಿ. ದೂಳು ತೊಳೆದ ಮೇಲೂ ತೇರು ಹಾಗೇ ಇತ್ತು.

ಸ್ವಲ್ಪ ಹೊತ್ತಿಗೆ ಅವರಮ್ಮ ಬಂದರು. ಒಂದು ಕೈಯಲ್ಲಿ ಹುಡುಗನ ರಟ್ಟೆ, ಇನ್ನೊಂದರಲ್ಲಿ ಮಡಚಿದ ಐನೂರರ ನೋಟು. “ಅಕ್ಕಾರ, ಬಡ್ದೀನಿ ಅವ್ನಿಗೆ. ಇದು ತಗೋರಿ, ಸಾಲ್ದಿದ್ರ ಶನಿವಾರ ಬಟವಾಡಿ ಆದಮ್ಯಾಲೆ ಕೊಡ್ತೀನಿ.” ಕಣ್ಣು ಕಾರಿನ ಮೇಲೂ ಇಲ್ಲ, ನನ್ನ ಮೇಲೂ ಇಲ್ಲ, ನೆಲದ ಮೇಲಿತ್ತು. ಹುಡುಗನ ಕೆನ್ನೆ ಇನ್ನೂ ಒದ್ದೆ ಇತ್ತು.

ನಾನು ಚೊಂಬಿನಲ್ಲಿ ನೀರು ತಂದು ಹುಡುಗನ ಕೈಗೇ ಕೊಟ್ಟೆ. “ಹಾಕು ಅದ್ರ ಮೇಲೆ.” ಹಾಕಿದ. ತೇರು ಮಾಯ. ಅವರಮ್ಮನಿಗೆ ನಂಬಿಕೆ ಬರಲಿಲ್ಲ, ತಾವೇ ಬೆರಳಾಡಿಸಿ ನೋಡಿದರು. ಒಣಗಿದ ಮೇಲೆ ಮತ್ತೆ ಕಂಡಿತು. “ಬಣ್ಣ ಹೋಗಿಲ್ಲಮ್ಮ, ಬರೇ ಮೇಲ್ಗಡೆ ಆಗೈತಿ” ಅಂದೆ. ಪ್ಯಾಡು ಹುಡುಗನ ಕೈಗೆ ಕೊಟ್ಟು, ಅವನ ಕೈ ಮೇಲೆ ನನ್ನ ಕೈ ಇಟ್ಟುಕೊಂಡು ಉಜ್ಜಿದ್ವಿ. ಅರ್ಧ ಗಂಟೆಯ ಕೆಲಸ. ಗಾಲಿ ಹೋಯಿತು, ಅಂಕಣ ಹೋಯಿತು. ಕಳಸ ಹೋಗುವ ಹೊತ್ತಿಗೆ ಅವನೇ “ಅಕ್ಕ, ಇದೊಂದು ಇರ್ಲಿ” ಅಂದ. ನೋಟು ಅವರಮ್ಮನ ಸೆರಗಿನ ಗಂಟಿಗೆ ವಾಪಸ್ ಹೋಯಿತು.

ಇದನ್ನು ಹೇಳಿದ್ದು ದೊಡ್ಡತನಕ್ಕಲ್ಲ. ಇಂಥ ಗಳಿಗೆಯಲ್ಲಿ ಗೀರಿನ ಆಳ ಗೊತ್ತಿಲ್ಲದವರು ಕೂಗಾಡುತ್ತಾರೆ, ಇಲ್ಲವೇ ದುಡ್ಡು ಇಸಿದುಕೊಳ್ಳುತ್ತಾರೆ. ಒಂದು ವರ್ಷ ಅದರ ಮಾತು ಓಣಿಯಲ್ಲಿ ಓಡಾಡುತ್ತೆ. ಅಪ್ಪ ಅಮ್ಮ ಅಲ್ಲೇ ಬಾಳಬೇಕಲ್ಲ? ಬಾಯಿ ತೆಗೆಯುವ ಮೊದಲು ಒಂದು ಹನಿ ನೀರು ಹಾಕಿ ನೋಡಿ.

ಉಗುರು ಸಿಕ್ಕಿಕೊಂಡರೆ

ಈಗ ಆಳದ ಗೀರು. ಇಲ್ಲಿ ಉಜ್ಜುವ ಮಾತಿಲ್ಲ, ತುಂಬುವ ಕೆಲಸ. ಮೊದಲು ನಿಮ್ಮ ಕಾರಿನ ಬಣ್ಣದ ಕೋಡ್ ಬೇಕು. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ, ಅಥವಾ ಬಾನೆಟ್ಟಿನ ಕೆಳಗೆ ಒಂದು ಪಟ್ಟಿಯಲ್ಲಿ ಇರುತ್ತೆ. ಕಾಣದಿದ್ದರೆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಕೇಳಿ. ‘ಬಿಳಿ’ ಅಂದರೆ ಸಾಲದು, ಬಿಳಿಯಲ್ಲೇ ಹತ್ತು ಬಿಳಿ ಇವೆ. ಆ ಕೋಡಿಗೆ ಹೊಂದುವ ಟಚ್ ಅಪ್ ಪೆನ್ನು ಕೆಲವು ನೂರು ರೂಪಾಯಿಗೆ ಸಿಗುತ್ತೆ.

ಗೀರನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಒಣಗಿಸಿ. ತುಕ್ಕು ಶುರುವಾಗಿದ್ದರೆ ಮಡಚಿದ ವಾಟರ್ ಪೇಪರಿನ ತುದಿಯಿಂದ ತುಕ್ಕನ್ನಷ್ಟೇ ಕೆರೆದು, ಒಂದು ಹನಿ ಪ್ರೈಮರ್ ಹಾಕಿ ಒಣಗಲು ಬಿಡಿ. ಪೆನ್ನನ್ನು ಚೆನ್ನಾಗಿ ಅಲ್ಲಾಡಿಸಿ, ಮೊದಲು ಒಂದು ಹಾಳೆಯ ಮೇಲೆ ಬಣ್ಣ ನೋಡಿ. ಪೆನ್ನಿನ ಕುಂಚ ದಪ್ಪ ಅನ್ನಿಸಿದರೆ ಹಲ್ಲುಕಡ್ಡಿಯ ತುದಿಯಿಂದ ಹಚ್ಚಿ. ರಂಗೋಲಿಯ ಎಳೆ ಎಳೆದ ಹಾಗೆ, ಗೀರಿನ ಒಳಗಷ್ಟೇ ಬಣ್ಣ ಇಳಿಯಬೇಕು, ಅಕ್ಕಪಕ್ಕ ಹರಡಬಾರದು. ಒಂದೇ ಸಲ ದಪ್ಪ ಹಚ್ಚದೆ, ಎರಡು ಮೂರು ತೆಳು ಪದರ ಹಾಕಿ. ಪ್ರತಿ ಪದರಕ್ಕೂ ಪೆನ್ನಿನ ಮೇಲೆ ಬರೆದಿರುವಷ್ಟು ಹೊತ್ತು ಒಣಗಲು ಬಿಡಿ. ಕೊನೆಗೆ ಅದರ ಜೊತೆ ಬರುವ ಕ್ಲಿಯರ್ ಕೋಟ್. ಕೆಲವು ವಾರ ಆ ಜಾಗಕ್ಕೆ ಕಾಂಪೌಂಡು, ವ್ಯಾಕ್ಸು ಏನೂ ಬೇಡ.

ಇದು ಫ್ಯಾಕ್ಟರಿ ಹೊಳಪು ಕೊಡಲ್ಲ. ಹತ್ತಿರ ಹೋದರೆ ಕಾಣುತ್ತೆ, ಮೆಟಾಲಿಕ್ ಬಣ್ಣದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಇಲ್ಲಿ ಅಂದಕ್ಕಿಂತ ತುಕ್ಕು ತಡೆಯೋದು ಮುಖ್ಯ. ಹಾಗಾಗಿ ಎಲ್ಲರ ಕಣ್ಣಿಗೆ ಬೀಳುವ ಉದ್ದನೆ ಜಾಲಿ ಗೀರಿಗಿಂತ, ಲಾರಿ ಚಕ್ರದಿಂದ ಸಿಡಿದ ಕಲ್ಲು ಬಾನೆಟ್ಟಿನ ತುದಿಯಲ್ಲಿ ಮಾಡಿದ ಸಾಸಿವೆ ಕಾಳಿನಷ್ಟು ಚುಕ್ಕೆ ಹೆಚ್ಚು ಅಪಾಯಕಾರಿ. ಅದು ತಗಡು ಮುಟ್ಟಿರುತ್ತೆ, ಮಳೆಗಾಲದಲ್ಲಿ ಸದ್ದಿಲ್ಲದೆ ಬೆಳೆಯುತ್ತೆ. ಬಂಪರ್ ಮಾತ್ರ ಪ್ಲಾಸ್ಟಿಕ್, ಅದಕ್ಕೆ ತುಕ್ಕಿನ ಭಯ ಇಲ್ಲ. ಅಲ್ಲಿನ ಗೀರನ್ನು ಅರ್ಜೆಂಟಿಲ್ಲದೆ ಮುಂದಕ್ಕೆ ಹಾಕಬಹುದು.

ಅಡುಗೆಮನೆ, ಬಚ್ಚಲುಮನೆ ಮದ್ದು

ಫೋನಿನಲ್ಲಿ ಓಡಾಡುವ ವಿಡಿಯೊಗಳಲ್ಲಿ ಕೊಬ್ಬರಿ ಎಣ್ಣೆ ಸವರಿದರೆ ಗೀರು ಮಾಯ. ಹೌದು, ಮಾಯವಾಗುತ್ತೆ, ನೀರು ಹಾಕಿದಾಗ ಮಾಯವಾದ ಹಾಗೇ. ಎಣ್ಣೆ ಬೇಗ ಒಣಗಲ್ಲ, ಅದಕ್ಕೇ ಸ್ವಲ್ಪ ದಿನ ಮೋಸ ನಡೆಯುತ್ತೆ. ಮೇಲಿಂದ ದೂಳು ಬೇರೆ ಹಿಡಿಯುತ್ತೆ. ನಮ್ಮ ಉಜ್ಜಿನಿಯಲ್ಲಿ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ತೈಲಾಭಿಷೇಕ ಆಗುತ್ತೆ, ನೋಡಲು ಜನ ಸೇರುತ್ತಾರೆ. ಕಲ್ಲು ಎಣ್ಣೆ ಕುಡಿಯುತ್ತೆ. ಕ್ಲಿಯರ್ ಕೋಟ್ ಕುಡಿಯಲ್ಲ!

ಟೂತ್‌ಪೇಸ್ಟಿನಲ್ಲಿ ಹಲ್ಲು ಉಜ್ಜಲು ಸಣ್ಣ ಪುಡಿ ಇರುತ್ತೆ, ಆದ್ದರಿಂದ ತೀರಾ ಸಣ್ಣ ಗೀರಿಗೆ ಒಂದಿಷ್ಟು ಕೆಲಸ ಮಾಡೋದು ನಿಜ. ಆದರೆ ಕಾಂಪೌಂಡಿನ ಕಣ ಉಜ್ಜುತ್ತಾ ಹೋದಂತೆ ನಯವಾಗಲಿ ಅಂತ ಮಾಡಿರುತ್ತಾರೆ, ಪೇಸ್ಟು ಕಾರಿಗಾಗಿ ಮಾಡಿದ್ದಲ್ಲ. ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಸಬೀನಾ ಥರದ ಪುಡಿ ಕಾರಿನ ಹತ್ತಿರವೂ ಬರಬಾರದು. ಬಣ್ಣ ಹೊಂದುತ್ತೆ ಅಂತ ನೇಲ್ ಪಾಲಿಶ್ ಹಚ್ಚುವವರಿದ್ದಾರೆ. ಕಲ್ಲಿನ ಚುಕ್ಕೆಯನ್ನು ನಾಲ್ಕು ದಿನ ಮುಚ್ಚಿಡಬಹುದು, ಅದಕ್ಕಿಂತ ಹೆಚ್ಚು ನಂಬಬೇಡಿ.

ಇನ್ಶೂರೆನ್ಸ್ ಇದೆಯಲ್ಲ ಅಂದ್ರೆ…

ಇದೆ. ಲೆಕ್ಕ ಹಾಕಿ ಆಮೇಲೆ ಕ್ಲೇಮ್ ಮಾಡಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ ಮೊದಲ ವರ್ಷ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ ಶೇ 50. ಇದು ನಮ್ಮ ಕಾರಿನ ಸ್ವಂತ ಹಾನಿಯ ಭಾಗದ ಪ್ರೀಮಿಯಂ ಮೇಲೆ ಸಿಗುವ ರಿಯಾಯಿತಿ. ಬೋನಸ್ ಉಳಿಸುವ ಆ್ಯಡ್ ಆನ್ ಇಲ್ಲದಿದ್ದರೆ, ಒಂದು ಸಣ್ಣ ಕ್ಲೇಮ್ ಮಾಡಿದರೂ ಮುಂದಿನ ನವೀಕರಣದಲ್ಲಿ ಅದು ಸೊನ್ನೆ.

ಆ ಭಾಗದ ಪ್ರೀಮಿಯಂ 10,000 ರೂಪಾಯಿ, ನಿಮ್ಮ ಬೋನಸ್ ಶೇ 50 ಅಂತ ಇಟ್ಟುಕೊಳ್ಳಿ. ಕ್ಲೇಮ್ ಮಾಡಿದರೆ ಮೊದಲ ವರ್ಷ 5,000 ಹೆಚ್ಚು ಕಟ್ಟಬೇಕು. ಆಮೇಲಿನ ವರ್ಷಗಳಲ್ಲಿ 3,000, 2,500, 1,500, 500. ಪ್ರೀಮಿಯಂ ಬದಲಾಗದಿದ್ದರೆ ಐದು ವರ್ಷಕ್ಕೆ ಒಟ್ಟು 12,500 ರೂಪಾಯಿ. ಇದರ ಮೇಲೆ ಪ್ರತಿ ಕ್ಲೇಮಿಗೂ ನಾವೇ ಕೊಡಬೇಕಾದ ಕಡ್ಡಾಯ ಪಾಲು ಬೇರೆ: 1500 ಸಿಸಿವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000. ಒಂದು ಬಾಗಿಲಿಗೆ ಬಣ್ಣ ಹೊಡೆಸಲು ಗ್ಯಾರೇಜು ಹೇಳುವ ಬೆಲೆಯನ್ನು ಇದರ ಪಕ್ಕ ಇಟ್ಟು ನೋಡಿ. ಒಂದೇ ಬಾಗಿಲಾದರೆ ಹೆಚ್ಚಿನ ಸಲ ಕೈಯಿಂದ ಕೊಡುವುದೇ ಅಗ್ಗ. ಎರಡು ಮೂರು ಭಾಗಕ್ಕೆ ಒಟ್ಟಿಗೆ ಪೆಟ್ಟಾಗಿದ್ದರೆ ಮಾತು ಬೇರೆ.

ಗ್ಯಾರೇಜಿಗೇ ಬಿಡಿ

ತಗಡು ತಗ್ಗಾಗಿದ್ದರೆ, ಬಣ್ಣದ ಕೆಳಗೆ ತುಕ್ಕಿನ ಗುಳ್ಳೆ ಎದ್ದಿದ್ದರೆ, ಆಳದ ಗೀರು ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಹರಿದಿದ್ದರೆ, ಮನೆ ಪ್ರಯೋಗ ಬೇಡ. ಮ್ಯಾಟ್ ಫಿನಿಶ್ ಕಾರಿಗೆ ಯಾವ ಪಾಲಿಶೂ ಕೂಡದು, ಉಜ್ಜಿದ ಕಡೆ ಹೊಳಪು ಬಂದು ಅದೇ ಕಲೆಯಾಗುತ್ತೆ. 2000 ನಂಬರಿನ ವಾಟರ್ ಪೇಪರ್ ಹಿಡಿದು ಕ್ಲಿಯರ್ ಕೋಟ್ ಉಜ್ಜುವುದು, ಮಷಿನ್ ಪಾಲಿಶ್ ಮಾಡುವುದು ಕೈ ಪಳಗಿದವರ ಕೆಲಸ. ನಮ್ಮ ಚಾಚಾ ಅಂಥದ್ದಕ್ಕೆ ಮೊದಲು ಗುಜರಿ ಬಾಗಿಲೊಂದರ ಮೇಲೆ ಹುಡುಗರಿಗೆ ತಿಂಗಳುಗಟ್ಟಲೆ ಅಭ್ಯಾಸ ಮಾಡಿಸುತ್ತಾರೆ.

ಗೀರು ಕಡಿಮೆ ಮಾಡಿಕೊಳ್ಳೋಕೆ

ಜಾಲಿ ರಸ್ತೆಯಲ್ಲಿ ಎದುರು ಗಾಡಿ ಬಂದರೆ ಓಡುತ್ತಲೇ ಪಕ್ಕಕ್ಕೆ ನುಗ್ಗಬೇಡಿ. ಅಗಲ ಇರುವ ಕಡೆ ಮೊದಲೇ ನಿಂತು ದಾರಿ ಕೊಡಿ. ನಿಂತ ಕಾರಿಗೆ ಕೊಂಬೆ ತಾಗಿದರೂ ಎಳೆಯಲ್ಲ. ಸೈಡ್ ಮಿರರ್ ಮಡಚಿಕೊಳ್ಳಿ.

ಹುಣಸೆ, ಬೇವಿನ ನೆರಳು ಹಿತವೇ, ಆದರೆ ಮೇಲೆ ಹಕ್ಕಿ ಇದೆಯಾ ನೋಡಿ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಮೇಲೆ ಹಕ್ಕಿ ನೋಡಲು ಕಾರು ತೆಗೆದುಕೊಂಡು ಹೋಗುವವರು ಇದ್ದಾರೆ. ಹಿಕ್ಕೆಯಲ್ಲಿ ಆಮ್ಲ ಇರುತ್ತೆ, ಬಿಸಿಲಿಗೆ ಕಾದರೆ ಕ್ಲಿಯರ್ ಕೋಟಿನಲ್ಲಿ ಗುರುತು ಕೊರೆಯುತ್ತೆ. ಒಣಗಿದ್ದನ್ನು ಉಗುರಿನಿಂದ ಕೆರೆಯಬೇಡಿ. ಒದ್ದೆ ಬಟ್ಟೆ ಐದು ನಿಮಿಷ ಮೇಲಿಟ್ಟು, ನೆನೆದ ಮೇಲೆ ಮೆಲ್ಲಗೆ ಎತ್ತಿ ತೆಗೆಯಿರಿ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ದಿನಾ ಕಾರು ಒರೆಸುವ ಅಣ್ಣನಿಗೆ ಒಂದೇ ಬಕೆಟಿನಲ್ಲಿ ಇಪ್ಪತ್ತು ಕಾರು ಮುಗಿಸಬೇಕಾದ ಅವಸರ. ಅವರ ಮೇಲೆ ರೇಗಿ ಪ್ರಯೋಜನ ಇಲ್ಲ. ನಿಮ್ಮ ಕಾರಿಗೇ ಅಂತ ಎರಡು ಮೈಕ್ರೋಫೈಬರ್ ಬಟ್ಟೆ ಕೊಟ್ಟು, ‘ದಿನಾ ಬೇಡಣ್ಣ, ವಾರಕ್ಕೆರಡು ಸಲ ನೀರು ಹಾಕಿ ಮಾಡಿ ಸಾಕು’ ಅಂತ ಹೇಳಿ. ಬಿಸಿಲಲ್ಲಿ ನಿಂತು ನೋಡಿದಾಗ ಕಾರಿನ ಮೇಲೆ ಜೇಡರ ಬಲೆಯಂತೆ ಕಾಣುವ ಗೀರುಗಳೆಲ್ಲ ಹೆಚ್ಚಾಗಿ ಇಂಥ ದಿನನಿತ್ಯದ ಒಣ ಒರೆಸುವಿಕೆಯವು. ಜಾಲಿಯ ಪಾಲು ಅದರ ಮುಂದೆ ಏನೂ ಅಲ್ಲ.

ಕೊನೇ ಮಾತು. ಗೀರು ಬೀಳುತ್ತೆ ಅಂತ ಕಾರನ್ನು ಬೆಂಗಳೂರಲ್ಲೇ ಕವರ್ ಹೊದಿಸಿ ನಿಲ್ಲಿಸಿ, ಸ್ಲೀಪರ್ ಬಸ್ಸಿನಲ್ಲಿ ಊರಿಗೆ ಹೋಗುವವರು ನನ್ನ ಸ್ನೇಹಿತರಲ್ಲೇ ಇದ್ದಾರೆ. ಊರಲ್ಲಿ ಅಜ್ಜಿಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು, ಅಮ್ಮನಿಗೆ ಮೈಲಾರಕ್ಕೆ ಹೋಗಿಬರುವ ಆಸೆ ಇದೆ, ಹೊಲದಿಂದ ಎರಡು ಚೀಲ ಶೇಂಗಾ ತರಬೇಕು. ಕಾರು ತಗೊಂಡಿದ್ದು ಇಂಥದ್ದಕ್ಕೇ ಅಲ್ವಾ? ಕಾಂಪೌಂಡಿನ ಡಬ್ಬಿ, ಟಚ್ ಅಪ್ ಪೆನ್ನು, ಎರಡು ಬಟ್ಟೆ ಡಿಕ್ಕಿಯಲ್ಲಿ ಇರಲಿ. ಜಾಲಿ ಎಲ್ಲೂ ಹೋಗಲ್ಲ, ನೀವು ಊರಿಗೆ ಹೋಗಿ ಬನ್ನಿ.